ಕೋಟು ತೊಡುವ ಮುಂಚಿನ ಮೊಲ

ನಿನ್ನೆ ರಾತ್ರಿ ಸುಮ್ನೆ ಬಿಯಾಟ್ರಿಕ್ಸ್ ಪಾಟರ್ ಅನ್ನುವ ಇಂಗ್ಲಿಷ್ ಮಕ್ಕಳ ಪುಸ್ತಕಗಳ ಲೇಖಕಿ, ಚಿತ್ರಗಾರ್ತಿಯ ಚಿತ್ರಗಳನ್ನು ನೋಡುತ್ತ ಕೂತಿದ್ದೆ. ಆಕೆಯ ಪೀಟರ್, ಅಂದರೆ ನೀಲಿ ಕೋಟಿನ ಮೊಲ, ಎಲ್ಲರಿಗೂ ಗೊತ್ತಿರುವುದೇ. ನಿದ್ದೆ ಕೆಡಿಸಿದ್ದು ಅದಲ್ಲ. ಅದು ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚೆ ಆಕೆ ಬಿಡಿಸಿದ ಬರೀ ಮೊಲಗಳು. ಕೋಟಿಲ್ಲ, ಕಥೆಯಿಲ್ಲ. ಒಂದೇ ಹಾಳೆಯ ತುಂಬ ಮೊಲದ ತಲೆ, ಮತ್ತೆ ಮತ್ತೆ. ಕಿವಿ ಒಂದಿಷ್ಟು ಆಚೆ, ಮೂತಿ ಒಂದಿಷ್ಟು ಈಚೆ, ಅಷ್ಟೇ ವ್ಯತ್ಯಾಸ.

ಇಂಥ ಹಳೆಯ ಚಿತ್ರ ಕಂಡಾಗಲೆಲ್ಲ ಜನ ಹೇಳುವುದು ಒಂದೇ ಮಾತು: "ನೋಡಿ, ಹುಟ್ಟಿನಿಂದಲೇ ಬಂದ ಪ್ರತಿಭೆ." ನನಗೆ ಈ ಮಾತು ಕೇಳಿದರೆ ಸ್ವಲ್ಪ ರೇಗುತ್ತದೆ. ಹುಟ್ಟಿನಿಂದಲೇ ಬಂತು ಅಂದುಬಿಟ್ಟರೆ ಆಕೆ ಪಟ್ಟ ಪಾಡನ್ನು ಪಕ್ಕಕ್ಕಿಟ್ಟ ಹಾಗೆ. ನಮಗೂ ಆರಾಮ. ನಮಗೆ ಆ ವರ ಸಿಗಲಿಲ್ಲ, ಅದಕ್ಕೇ ನಾವು ಬಿಡಿಸಲಿಲ್ಲ, ಅಲ್ವಾ?

ಆಕೆ ಹುಟ್ಟಿದ್ದು 1866ರಲ್ಲಿ, ಲಂಡನ್‌ನಲ್ಲಿ. ಅನುಕೂಲಸ್ಥರ ಮನೆ. ಶಾಲೆಗೆ ಕಳಿಸಲಿಲ್ಲ, ಮನೆಯಲ್ಲೇ ಪಾಠ. ಬೇಸಿಗೆಯಲ್ಲಿ ಇಡೀ ಕುಟುಂಬ ಸ್ಕಾಟ್ಲೆಂಡಿನ ಡಾಲ್ಗೈಸ್ ಅನ್ನುವ ಕಡೆಗೆ ಹೋಗುತ್ತಿತ್ತು. ಅಲ್ಲಿ 1875ರಲ್ಲಿ ಬಿಡಿಸಿದ ಒಂದು ಪುಸ್ತಕ ಉಳಿದಿದೆ. ಆಗ ಆಕೆಗೆ ಎಂಟೊಂಬತ್ತು ವರ್ಷ. ಅದರಲ್ಲಿ ಕಂಬಳಿಹುಳಗಳಿವೆ, ಜೊತೆಗೆ ಆ ಹುಳಗಳ ಬಗ್ಗೆ ತಾನು ನೋಡಿ ತಿಳಿದದ್ದನ್ನೂ ಬರೆದಿಟ್ಟಿದ್ದಾಳೆ. ನಿಜ ಹೇಳಬೇಕೆಂದರೆ ಚಿತ್ರಗಳು ಬೆರಗಾಗುವಂಥವೇನಲ್ಲ, ಮಗುವಿನ ಕೈ ಅನ್ನುವುದು ಕಾಣುತ್ತದೆ. ಆದರೆ ಆ ವಯಸ್ಸಿನ ಮಕ್ಕಳು ಹುಳ ಬಿಡಿಸಿದರೆ ಅದಕ್ಕೆ ಎರಡು ಕಣ್ಣು, ಒಂದು ನಗು ಹಾಕುತ್ತಾರೆ. ಈಕೆ ಹುಳವನ್ನು ಹುಳವಾಗಿಯೇ ಬಿಟ್ಟಿದ್ದಾಳೆ.

ಮನೆಯ ಮೇಲಿನ ಮಹಡಿಯಲ್ಲಿ ಆಕೆ ಮತ್ತು ತಮ್ಮ ಬರ್ಟ್ರಮ್ ಸೇರಿ ಸಾಕಿದ ಪ್ರಾಣಿಗಳ ಪಟ್ಟಿ ದೊಡ್ಡದು. ಇಲಿ, ಮೊಲ, ಕಪ್ಪೆ, ಹಲ್ಲಿ, ಬಾವಲಿ, ಮೈತುಂಬ ಮುಳ್ಳಿರುವ ಪುಟ್ಟ ಹೆಡ್ಜ್‌ಹಾಗ್. ಅವು ಸತ್ತರೆ ಅಕ್ಕ ತಮ್ಮ ಏನು ಮಾಡುತ್ತಿದ್ದರು ಗೊತ್ತಾ? ಬೇಯಿಸಿ, ಮಾಂಸ ಬಿಡಿಸಿ, ಎಲುಬುಗಳನ್ನು ಮತ್ತೆ ಜೋಡಿಸಿ ಅಸ್ಥಿಪಂಜರ ನಿಲ್ಲಿಸುತ್ತಿದ್ದರು! ಮುದ್ದು ಮೊಲದ ಚಿತ್ರಗಾರ್ತಿ ಅಂತ ನಾವು ಮನಸ್ಸಿನಲ್ಲಿ ಕಟ್ಟಿಕೊಂಡ ಹೆಂಗಸು ಮೊಲದ ಪಕ್ಕೆಲುಬು ಎಣಿಸಿದವಳು. ನನಗಂತೂ ಇದು ತಿಳಿದ ಮೇಲೆ ಆಕೆಯ ಮೇಲೆ ಪ್ರೀತಿ ಜಾಸ್ತಿಯಾಯಿತು.

ಒಮ್ಮೆ ನಾನೂ ಜಲವರ್ಣದಲ್ಲಿ ನಮ್ಮ ಬೆಕ್ಕನ್ನು ಬಿಡಿಸಲು ಹೊರಟಿದ್ದೆ. ತಲೆ ಹೇಗೋ ಬಂತು. ಹಿಂಗಾಲಿಗೆ ಬಂದಾಗ ಬ್ರಶ್ ನಿಂತುಬಿಟ್ಟಿತು. ಮೊಣಕಾಲು ಹಿಂದಕ್ಕೆ ಬಾಗುತ್ತದಾ, ಮುಂದಕ್ಕಾ? ಹತ್ತು ವರ್ಷ ತೊಡೆಯ ಮೇಲೆ ಮಲಗಿದ ಪ್ರಾಣಿ, ಗೊತ್ತೇ ಇಲ್ಲ. ಕೊನೆಗೆ ಕಾಲಿನ ಮುಂದೆ ಒಂದು ದಿಂಬು ಬಿಡಿಸಿ ಮುಚ್ಚಿಹಾಕಿದೆ. ಜಲವರ್ಣದಲ್ಲಿ ಮುಚ್ಚಿಹಾಕುವುದೂ ಸುಲಭವಲ್ಲ. ತೈಲವರ್ಣದಲ್ಲಾದರೆ ತಪ್ಪಿನ ಮೇಲೆ ಇನ್ನೊಂದು ಪದರ ಬಳಿಯಬಹುದು. ಇಲ್ಲಿ ಬಿಳುಪು ಅಂದರೆ ಬಣ್ಣವೇ ಅಲ್ಲ, ಹಾಗೇ ಬಿಟ್ಟ ಕಾಗದ. ಮೊಲದ ಹೊಟ್ಟೆ ಬೆಳ್ಳಗೆ ಕಾಣಬೇಕಾದರೆ ಅಲ್ಲಿ ಬ್ರಶ್ ತಾಗಿಸಲೇಬಾರದು. ಮೊದಲು ತೆಳು ಬಣ್ಣ, ಅದು ಒಣಗಿದ ಮೇಲೆ ಗಾಢ. ಕೂದಲಿಗೆ ನೀರು ಬಹುತೇಕ ಒಣಗಿದ ಸಣ್ಣ ಬ್ರಶ್ಶಿನಿಂದ ಒಂದೊಂದೇ ಗೆರೆ. ಆ ಗೆರೆಗಳು ಮೈಯ ತಿರುವಿನ ಜೊತೆಗೇ ತಿರುಗಬೇಕು. ಒಳಗಿನ ಎಲುಬು ಗೊತ್ತಿಲ್ಲದವರ ಕೈಯಲ್ಲಿ ಅದೇ ಕೂದಲು ಚಾಪೆಯ ಹಾಗೆ ಕಾಣುತ್ತದೆ. ನನ್ನ ಬೆಕ್ಕು ಚಾಪೆಯೇ ಆಗಿತ್ತು ಬಿಡಿ.

ದೊಡ್ಡ ಚಿತ್ರಕಾರ ಜಾನ್ ಎವರೆಟ್ ಮಿಲೇ ಆಕೆಯ ತಂದೆಗೆ ಸ್ನೇಹಿತ. ಆತ ಒಮ್ಮೆ ಆಕೆಗೆ, ಚಿತ್ರ ಬಿಡಿಸುವವರು ಬೇಕಾದಷ್ಟು ಮಂದಿ ಇದ್ದಾರೆ, ನಿನಗೂ ನನ್ನ ಮಗ ಜಾನ್‌ಗೂ ಇರುವುದು ಗಮನಿಸುವ ಕಣ್ಣು ಅಂದಿದ್ದ. ಆಕೆ ಇದನ್ನು ದಿನಚರಿಯಲ್ಲಿ ಬರೆದುಕೊಂಡು, ಆ ಕಾಲಕ್ಕೆ ಜಾನಿಗೆ ಚಿತ್ರ ಬಿಡಿಸಲು ಬರುತ್ತಲೇ ಇರಲಿಲ್ಲ, ಆದರೂ ಅವರು ಹೇಳಿದ್ದೇನು ಅಂತ ನನಗೆ ಅರ್ಥವಾಯಿತು ಅಂತ ಸೇರಿಸಿದ್ದಾಳೆ. ಎಂಥ ಚೂಟಿ ಹೆಂಗಸು! ಈ ದಿನಚರಿಯನ್ನೂ ಆಕೆ ತಾನೇ ಕಟ್ಟಿಕೊಂಡ ಗುಪ್ತ ಲಿಪಿಯಲ್ಲಿ ಬರೆದಿದ್ದಳು. ಅದನ್ನು ಓದುವ ದಾರಿ ಲೆಸ್ಲಿ ಲಿಂಡರ್ ಅನ್ನುವವರಿಗೆ ಸಿಕ್ಕಿದ್ದು 1958ರಲ್ಲಿ, ಆಕೆ ತೀರಿಕೊಂಡು 14 ವರ್ಷ ದಾಟಿದ ಮೇಲೆ.

1890ರಲ್ಲಿ ಆಕೆಯ ಮೊಲದ ಚಿತ್ರಗಳು ಮೊದಲ ಸಲ ಮಾರಾಟವಾದವು. ಶುಭಾಶಯದ ಕಾರ್ಡಿಗೆ ಆರು ಚಿತ್ರ, ಕೈಗೆ ಬಂದದ್ದು 6 ಪೌಂಡ್. ಮಾದರಿಯಾಗಿ ಕೂತಿದ್ದು ಬೆಂಜಮಿನ್ ಬೌನ್ಸರ್ ಅನ್ನುವ ಸಾಕು ಮೊಲ. ಖುಷಿಗೆ ಆಕೆ ಮೊಲಕ್ಕೆ ಒಂದು ಬಟ್ಟಲು ಭಂಗಿ ಬೀಜ ತಿನ್ನಿಸಿದಳಂತೆ. ಮರುದಿನ ಬಿಡಿಸಲು ಕೂತರೆ ಮೊಲಕ್ಕೆ ಅಮಲು, ಹೇಳಿದ ಮಾತು ಕೇಳುತ್ತಲೇ ಇಲ್ಲ! ದಿನಚರಿಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು.

(ಆಮೇಲೆ ಅಣಬೆಗಳ ಹುಚ್ಚು ಹತ್ತಿತು. 1897ರಲ್ಲಿ ಲಿನಿಯನ್ ಸೊಸೈಟಿ ಅನ್ನುವ ಪ್ರಕೃತಿ ವಿಜ್ಞಾನಿಗಳ ಸಂಘದಲ್ಲಿ ಅಣಬೆಯ ಬಗ್ಗೆ ಆಕೆಯ ಪ್ರಬಂಧ ಮಂಡನೆಯಾದಾಗ ಆಕೆಗೇ ಒಳಗೆ ಪ್ರವೇಶವಿರಲಿಲ್ಲ, ಹೆಂಗಸು ಅನ್ನುವ ಕಾರಣಕ್ಕೆ. ಅದನ್ನು ಬರೆಯಲು ಹೊರಟರೆ ಸಿಟ್ಟು ಬರುತ್ತದೆ, ಇನ್ನೊಂದು ದಿನ ಬರೆಯುತ್ತೇನೆ.)

ಈಗ ಕೋಟಿನ ವಿಷಯ. ಪೀಟರ್ ಮೊಲ ಮೊದಲು ಬಂದದ್ದು 1893ರಲ್ಲಿ, ಕಾಯಿಲೆ ಬಿದ್ದ ಒಬ್ಬ ಹುಡುಗನಿಗೆ ಬರೆದ ಪತ್ರದಲ್ಲಿ. ಪ್ರಕಾಶಕರು ಬೇಡವೆಂದಾಗ 1901ರಲ್ಲಿ ತಾನೇ 250 ಪ್ರತಿ ಅಚ್ಚು ಹಾಕಿಸಿದಳು. ಮರುವರ್ಷ ಬಣ್ಣದ ಪುಸ್ತಕ ಬಂತು. ಅದರಲ್ಲಿ ಪೀಟರ್ ಮೊದಲು ಬೂಟು ಕಳೆದುಕೊಂಡು ನಾಲ್ಕು ಕಾಲಲ್ಲಿ ಓಡುತ್ತಾನೆ, ಇನ್ನೂ ಜೋರಾಗಿ. ಆಮೇಲೆ ಕೋಟು ಬಲೆಗೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ಬಿಟ್ಟು ತಪ್ಪಿಸಿಕೊಳ್ಳುತ್ತಾನೆ. ಕೋಟು ಹೋದ ಕ್ಷಣ ಅವನು ಅಪ್ಪಟ ಮೊಲ. ಹಾಗೆ ಆಗಲು ಸಾಧ್ಯವಾದದ್ದು ಕೋಟಿನ ಒಳಗೆ ಮೊದಲಿಂದಲೂ ಮೊಲವೇ ಇದ್ದದ್ದರಿಂದ. ಭುಜ ಮೊಲದ್ದು, ತೊಡೆ ಮೊಲದ್ದು, ಹೆದರಿದಾಗ ಕಿವಿ ಹೋಗುವ ದಿಕ್ಕೂ ಮೊಲದ್ದೇ.

ಈಗಿನ ಬಹಳಷ್ಟು ಮಕ್ಕಳ ಪುಸ್ತಕಗಳ ಮೇಲೆ ನನ್ನ ತಕರಾರು ಇದೇ. ಕರಡಿ, ನರಿ, ಮೊಲ ಎಲ್ಲ ಒಂದೇ ಅಚ್ಚು. ದೊಡ್ಡ ಕಣ್ಣು, ದುಂಡು ಕೆನ್ನೆ. ಕೋಟು ಬಿಚ್ಚಿದರೆ ಒಳಗೆ ಹತ್ತಿ. ಸರಳವಾಗಿ ಬಿಡಿಸಬಾರದು ಅಂತಲ್ಲ. ಎರಡೇ ಗೆರೆಯಲ್ಲಿ ನರಿ ತರುವವರೂ ಇದ್ದಾರೆ, ಅವರು ನರಿಯನ್ನು ನೋಡಿದವರು. ಮಕ್ಕಳಿಗೆ ಇಷ್ಟು ಸಾಕು ಅಂತ ಬಿಡಿಸಿದ್ದನ್ನು ಕಂಡರೆ ಮಾತ್ರ ನನಗೆ ಬೇಸರ.

ಆಕೆಗೂ ಎಲ್ಲ ಒಲಿಯಲಿಲ್ಲ ಅನ್ನಿ. ಮನುಷ್ಯರನ್ನು ಬಿಡಿಸಲು ತಿಣುಕುತ್ತಿದ್ದಳು, ಪುಸ್ತಕಗಳಲ್ಲೇ ಅದು ಕಾಣುತ್ತದೆ. ಮನುಷ್ಯರನ್ನು ಪೆಟ್ಟಿಗೆಯಲ್ಲಿ ಸಾಕಿ, ಸತ್ತ ಮೇಲೆ ಬೇಯಿಸುವ ಹಾಗಿರಲಿಲ್ಲವಲ್ಲ!

2008ರಲ್ಲಿ ಸದಬೀಸ್ ಹರಾಜಿನಲ್ಲಿ ಆಕೆಯ ಒಂದು ಹಳೆಯ ಜಲವರ್ಣ, ಕ್ರಿಸ್‌ಮಸ್ ಕೂಟ ಮುಗಿಸಿ ಹೊರಟ ಮೊಲಗಳದ್ದು, 2,89,250 ಪೌಂಡಿಗೆ ಹೋಯಿತು. ಆರು ಚಿತ್ರಕ್ಕೆ 6 ಪೌಂಡ್ ಸಿಕ್ಕಿದ್ದಕ್ಕೇ ಮೊಲಕ್ಕೆ ಅಷ್ಟು ಉಪಚಾರ ಮಾಡಿದವಳು, ಇದನ್ನು ಕೇಳಿದ್ದರೆ ಏನು ತಿನ್ನಿಸುತ್ತಿದ್ದಳೋ.

ಇವತ್ತು ಬೆಳಿಗ್ಗೆ ಎದ್ದವನೇ ಬೆಕ್ಕಿನ ಹಿಂಗಾಲು ಹಿಡಿದು ನೋಡಿದೆ. ಹಿಂದಕ್ಕೆ ಬಾಗಿದ ಮೊಣಕಾಲು ಅಂತ ಇಷ್ಟು ದಿನ ಅಂದುಕೊಂಡದ್ದು ಹಿಮ್ಮಡಿ. ಮೊಣಕಾಲು ಇನ್ನೂ ಮೇಲೆ, ಹೊಟ್ಟೆಯ ಹತ್ತಿರ ಕೂದಲಲ್ಲಿ ಅಡಗಿದೆ, ನಮ್ಮದರ ಹಾಗೇ ಮುಂದಕ್ಕೆ ಬಾಗುತ್ತದೆ. ಇನ್ನೂ ಸ್ವಲ್ಪ ನೋಡೋಣ ಅಂದರೆ ಪರಚಿ ಓಡಿಹೋಯಿತು.