ಹೊರಗೆ ಕೊಡಬಾರದಿದ್ದ ಒಂದು ಕೆಲಸ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಕಾರ್ಖಾನೆಯಿದೆ. ಲೋಹ ಕತ್ತರಿಸುವುದು, ಬಾಗಿಸುವುದು, ಕೊರೆಯುವುದು ಒಳಗೆ ನಡೆಯುತ್ತದೆ. ಲೋಹಕ್ಕೆ ತುಕ್ಕು ಹಿಡಿಯದಂತೆ ಸತು ಲೇಪಿಸುವ ಪ್ಲೇಟಿಂಗ್ ಕೆಲಸ ಜಾಬ್ ವರ್ಕ್‌ಗೆ, ಅಂದರೆ ಹೊರಗಿನವರಿಗೆ ಹೋಗುತ್ತದೆ. ಪ್ಯಾಕಿಂಗಿಗೆ ಗುತ್ತಿಗೆದಾರರ ಹುಡುಗರು ಬರುತ್ತಾರೆ. ದಾಸ್ತಾನು ಲೆಕ್ಕದ ಸಾಫ್ಟ್‌ವೇರನ್ನು ರಾಜಾಜಿನಗರದ ನಾಲ್ಕು ಜನರ ತಂಡವೊಂದು ಬರೆದುಕೊಟ್ಟಿದೆ. ಗುತ್ತಿಗೆದಾರರನ್ನು ನಿಭಾಯಿಸುವುದೆಂದರೆ ದರ ಚೌಕಾಸಿ ಮಾಡಿ ದಿನಕ್ಕೆರಡು ಬಾರಿ ಫೋನ್ ಮಾಡುವುದು ಎಂದು ಬಹಳ ಕಾಲ ನಂಬಿದ್ದೆ.

ನಮ್ಮ ತಪಾಸಣೆಯ ಮೇಸ್ತ್ರಿ ನಿವೃತ್ತರಾದಾಗ, ಪ್ಲೇಟಿಂಗಿನವರೇ ವರದಿ ಕಳಿಸುತ್ತಾರಲ್ಲ ಎಂದುಕೊಂಡು ಆ ಜಾಗಕ್ಕೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಒಂದು ಸಂಬಳ ಉಳಿಯಿತು. ಆರನೆಯ ತಿಂಗಳು ಗ್ರಾಹಕರು ಒಂದು ಲೋಡ್ ಬ್ರಾಕೆಟ್ ಹಿಂದಕ್ಕೆ ಕಳಿಸಿದರು. ಒಳಮಡಿಕೆಯಲ್ಲೆಲ್ಲ ಹಿಟ್ಟು ಉದುರಿಸಿದಂತೆ ಬಿಳಿ ತುಕ್ಕು. ಡ್ರಾಯಿಂಗ್‌ನಲ್ಲಿ ಎಂಟು ಮೈಕ್ರಾನ್ ಸತುವಿನ ಲೇಪನವಿತ್ತು, ವರದಿಯಲ್ಲೂ ಎಂಟೂವರೆ ಇತ್ತು, ಮತ್ತು ಆ ವರದಿ ಸುಳ್ಳಾಗಿರಲಿಲ್ಲ. ವಿದ್ಯುತ್ ಲೇಪನದಲ್ಲಿ ಸತು ಅಂಚಿನಲ್ಲಿ ದಪ್ಪಗೂ ಮಡಿಕೆಯೊಳಗೆ ತೆಳ್ಳಗೂ ಕೂರುತ್ತದೆ. ಅವರು ಅಂಚಿನಲ್ಲಿ ಅಳೆದಿದ್ದರು. ನಮ್ಮ ಮೇಸ್ತ್ರಿಯಾಗಿದ್ದರೆ ಮೊದಲು ಮಡಿಕೆಗೇ ದಪ್ಪ ಅಳೆಯುವ ಗೇಜ್ ಇಡುತ್ತಿದ್ದರು. "ಎಲ್ಲಿ ಅಳೆಯಬೇಕು ಅಂತ ನಿಮ್ಮವರು ಯಾರೂ ಹೇಳಲಿಲ್ಲವಲ್ಲ ಸಾರ್" ಎಂದು ಪ್ಲೇಟಿಂಗ್ ಮಾಲೀಕರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಕೆಲಸವನ್ನು ಹೊರಗೆ ಕೊಡುವ ಭರದಲ್ಲಿ ಆ ಕೆಲಸದ ಹುಳುಕು ಗುರುತಿಸಬಲ್ಲ ಕಣ್ಣನ್ನೂ ಮನೆಗೆ ಕಳಿಸಿದ್ದೆ.

ಸಾಫ್ಟ್‌ವೇರಿನಲ್ಲಿಯೂ ಇದೇ ಕಥೆ. ದುಡ್ಡು ಕೊಟ್ಟಿದ್ದೇನೆ, ಆದ್ದರಿಂದ ಕೋಡ್ ನನ್ನದು ಎಂದುಕೊಂಡಿದ್ದೆ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನದು. ಹೊರಗಿನವರು ಬರೆದದ್ದರ ಹಕ್ಕನ್ನು ಲಿಖಿತವಾಗಿಯೇ ವರ್ಗಾಯಿಸಿಕೊಳ್ಳಬೇಕು, ಆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ 5 ವರ್ಷವೆಂದೇ ಅರ್ಥ. ನಮ್ಮ ಒಪ್ಪಂದ ಒಂದೂವರೆ ಪುಟದ್ದು, ಅದರಲ್ಲಿ ಅರ್ಧ ಪುಟ ಜಿಎಸ್‌ಟಿ ವಿವರ, ಹಕ್ಕಿನ ಮಾತೇ ಇರಲಿಲ್ಲ.

ಇನ್ನು ಹಣದ ವಿಷಯ, ಇದನ್ನು ಬರೆಯಲು ಸಂಕೋಚವಿದೆ. ಒಂದು ತಿಂಗಳು ಪ್ಯಾಕಿಂಗ್ ಹುಡುಗರಿಗೆ ಹತ್ತನೇ ತಾರೀಖಾದರೂ ಕೂಲಿ ಬಂದಿರಲಿಲ್ಲ. ಗುತ್ತಿಗೆದಾರರನ್ನು ಗದರಿಸಲು ಕರೆಸಿದರೆ, ಅವರು ಜೇಬಿನಿಂದ ತೆಗೆದದ್ದು ನಾನೇ ಎರಡು ತಿಂಗಳಿಂದ ಪಾಸು ಮಾಡದೆ ಇಟ್ಟಿದ್ದ ಬಿಲ್ಲಿನ ಪ್ರತಿ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯೇ ಹೇಳಿತ್ತು, ಈಗಿನ ಕಾರ್ಮಿಕ ಸಂಹಿತೆಯೂ ಆ ಹೊಣೆಯನ್ನು ಕೈಬಿಟ್ಟಿಲ್ಲ. 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರು ದಾಂಧಲೆ ಎಬ್ಬಿಸಿ ಗಾಜುಗಳು ಪುಡಿಯಾದಾಗಲೂ ಮೂಲದಲ್ಲಿದ್ದದ್ದು ಕೂಲಿಯ ದೂರೇ. ಆ ಧ್ವಂಸವನ್ನು ನಾನು ಸಮರ್ಥಿಸುವುದಿಲ್ಲ, ಆದರೆ ಆಪಲ್, ಅದಕ್ಕೆ ಫೋನ್ ಜೋಡಿಸಿಕೊಡುವ ವಿಸ್ಟ್ರಾನ್, ಅದಕ್ಕೆ ಆಳು ಒದಗಿಸುವ ಏಜೆನ್ಸಿಗಳು, ಹೀಗೆ ಮೂರು ಪದರ ಕೆಳಗಿದ್ದವನ ಸಂಬಳದ ಚೀಟಿಯನ್ನು ಮೇಲಿನವರು ಯಾರಾದರೂ ಮೊದಲೇ ನೋಡಿದ್ದರೆ ಎಂದು ಯೋಚಿಸುತ್ತೇನೆ. ವಿಸ್ಟ್ರಾನ್ ಆಮೇಲೆ ಕ್ಷಮೆ ಕೇಳಿತು.

ಈಗ ಪ್ಯಾಕಿಂಗ್ ಗುತ್ತಿಗೆದಾರರ ಪ್ರತಿ ಬಿಲ್ಲಿನ ಜೊತೆ ಹಿಂದಿನ ತಿಂಗಳು ಹುಡುಗರ ಪಿಎಫ್ ಮತ್ತು ಇಎಸ್ಐ ಕಟ್ಟಿದ ಚಲನ್ ಇರಬೇಕೆಂದು ಹೇಳಿದ್ದೇನೆ. ಬದಲಿಗೆ, ಬಿಲ್ ಬಂದ ಏಳು ದಿನದೊಳಗೆ ಹಣ ಕೊಡುತ್ತೇನೆ; ಕೊಡುವ ಕಾಲಕ್ಕೆ ಕೊಡದವನು ಚಲನ್ ಕೇಳಿದರೆ ಯಾರು ತೋರಿಸುತ್ತಾರೆ? ತಪಾಸಣೆಗೆ ಡಿಪ್ಲೊಮಾ ಮುಗಿಸಿದ ಹುಡುಗಿಯೊಬ್ಬಳನ್ನು ತೆಗೆದುಕೊಂಡು, ಹಳೆಯ ಮೇಸ್ತ್ರಿಯವರನ್ನು ಹದಿನೈದು ದಿನ ಕರೆಸಿ ಕಲಿಸಿದ್ದಾಯಿತು. ಕಳೆದ ವಾರ ಅವಳು ಎರಡು ಟ್ರೇ ಬ್ರಾಕೆಟ್ ವಾಪಸ್ ಕಳಿಸಿದಳು. ಪ್ಲೇಟಿಂಗ್ ಮಾಲೀಕರು ನನಗೆ ಫೋನ್ ಮಾಡಿ ಕೂಗಾಡಿದರು, ಮಾರನೆಯ ದಿನ ತಮ್ಮ ಹುಡುಗನನ್ನೇ ಕಳಿಸಿ ಮಡಿಕೆಯಲ್ಲಿ ಗೇಜ್ ಎಲ್ಲಿಡಬೇಕೆಂದು ಅವಳಿಂದ ಗುರುತು ಹಾಕಿಸಿಕೊಂಡು ಹೋದರು.