ಸತ್ಯಾಂಶ: ಹಳ್ಳಿಯ ಹಿರಿಯರಿಗೆ ಖಿನ್ನತೆ ಬರುವುದಿಲ್ಲವೇ?

"ಖಿನ್ನತೆ ಬೆಂಗಳೂರಿನ ಫ್ಲ್ಯಾಟಿನ ಕಾಯಿಲೆ, ಹಳ್ಳಿ ಹಿರಿಯರಿಗೆ ಅದು ತಾಗದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. 60 ದಾಟಿದವರಲ್ಲಿ ಖಿನ್ನತೆ ನಗರಕ್ಕಿಂತ ಹಳ್ಳಿಯಲ್ಲೇ ಹೆಚ್ಚೆಂದು 2017-18ರ ಲಾಸಿ (LASI) ಎಂಬ, ವಯಸ್ಸಾದವರ ಆರೋಗ್ಯ ಕುರಿತ ರಾಷ್ಟ್ರೀಯ ಸಮೀಕ್ಷೆ ತೋರಿಸಿದೆ.

ಸಕಲೇಶಪುರ, ಮೂಡಿಗೆರೆ ಕಡೆಯ ಒಂಟಿ ಮನೆಗಳನ್ನೇ ನೋಡಿ. ಮಳೆ ಹಿಡಿದರೆ ಕರೆಂಟಿಲ್ಲ, ನೆಟ್‌ವರ್ಕಿಲ್ಲ, ಪಕ್ಕದ ಮನೆಗೆ ಹೋಗಲು ತೋಟ ದಾಟಬೇಕು. ಹಾಸನ ಪೇಟೆಯ ತುಂಬಿದ ಮನೆಯಲ್ಲೂ ಅಜ್ಜಿಯನ್ನು ಮಾತಾಡಿಸುವವರಿಲ್ಲದಿರಬಹುದು. ಎಷ್ಟು ಜನ ಸುತ್ತ ಇದ್ದಾರೆ ಎನ್ನುವುದಕ್ಕಿಂತ, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರಾದರೂ ಇದ್ದಾರೆಯೇ ಎನ್ನುವುದು ಮುಖ್ಯ.

ಹಿರಿಯರು "ಬೇಜಾರು" ಎನ್ನುವುದು ಕಡಿಮೆ. ಮೈಕೈ ನೋವು, ನಿದ್ದೆಯಿಲ್ಲ, ಊಟ ಸೇರದು ಎನ್ನುತ್ತಾರೆ. ಹೀಗಾಗಿ ಬರೀ ನೋವಿನ ಮಾತ್ರೆಯಲ್ಲೇ ತಿಂಗಳುಗಳು ಕಳೆದುಹೋಗುತ್ತವೆ. ಎರಡು ವಾರ ಇದೇ ಸ್ಥಿತಿಯಿದ್ದರೆ ವೈದ್ಯರಿಗೆ ತೋರಿಸಿ. ಥೈರಾಯ್ಡ್, ಬಿ12 ಪರೀಕ್ಷೆಯನ್ನೂ ಕೇಳಿ, ಅವುಗಳ ಕೊರತೆಯೂ ಹೀಗೇ ಕಾಣುತ್ತದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎರಡರಿಂದ ಆರು ವಾರ ಬೇಕು. ನಾಲ್ಕೇ ದಿನಕ್ಕೆ "ಗುಣ ಕಾಣಲಿಲ್ಲ" ಎಂದು ಬಿಡಿಸುವುದೇ ಮನೆಯವರು ಮಾಡುವ ದೊಡ್ಡ ತಪ್ಪು.

ಸಾಯುವ ಮಾತು ಬಂದರೆ ಕಾಯಬೇಡಿ: ಒಬ್ಬರನ್ನೇ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಬೀಗ ಹಾಕಿಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು.