ಅಮ್ಮನ ಅಂಗಾಲು ನೋಡುವವರು ಯಾರು?

ನಾನಿರುವುದು ಇಂಗ್ಲೆಂಡಿನಲ್ಲಿ, ಅಮ್ಮ ಇರುವುದು ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿ. ಇಬ್ಬರಿಗೂ ಸಕ್ಕರೆ ಕಾಯಿಲೆ.

ಇಲ್ಲಿ ಡಾಕ್ಟರ ಭೇಟಿಗೆ ಎಷ್ಟೋ ಸಲ ವಾರಗಟ್ಟಲೆ ಕಾಯಬೇಕು. ಆದರೆ ವರ್ಷಕ್ಕೊಮ್ಮೆ ಕ್ಲಿನಿಕ್ಕಿನವರೇ ಕರೆಯುತ್ತಾರೆ. ರಕ್ತ, ಮೂತ್ರ, ಬಿಪಿ ಎಲ್ಲ ಆದ ಮೇಲೆ ನರ್ಸ್ ಸಾಕ್ಸ್ ಬಿಚ್ಚಿಸುತ್ತಾರೆ. ಕಣ್ಣು ಮುಚ್ಚಿಕೊಳ್ಳಬೇಕು. ಗಾಳದ ದಾರದಂಥ ಒಂದು ನೈಲಾನ್ ಎಳೆಯನ್ನು ಹೆಬ್ಬೆರಳಿಗೆ, ಅಂಗಾಲಿಗೆ ಒತ್ತುತ್ತಾರೆ. ತಾಗಿದಾಗ 'ಹ್ಞೂಂ' ಅನ್ನಬೇಕು. ಅಷ್ಟೇ. ಇದೆಲ್ಲ ಯಾಕಪ್ಪಾ ಅನ್ನಿಸಿತ್ತು ಮೊದಲ ಸಲ.

ಕಳೆದ ಮಳೆಗಾಲ ಊರಿಗೆ ಹೋದಾಗ ಉತ್ತರ ಸಿಕ್ಕಿತು. ಅಮ್ಮ ತೋಟದಿಂದ ಬಂದು ಜಗಲಿಯಲ್ಲಿ ಕೂತು ಕಾಲು ಒರೆಸಿಕೊಳ್ಳುತ್ತಿದ್ದಳು. ಹಿಮ್ಮಡಿ ಹತ್ತಿರ ಗಾಯ, ಸುತ್ತ ಕೆಂಪಗೆ ಊದಿತ್ತು. ಬೆಳಕಿಗೆ ಹಿಡಿದು ನೋಡಿದರೆ ಮುಳ್ಳು ಒಳಗೇ ಮುರಿದಿದೆ. "ನೋವೇ ಇಲ್ಲ ಮಗ, ಸುಮ್ನೆ ಗಾಬರಿ ಮಾಡ್ಬೇಡ" ಅಂದಳು. ನನಗೆ ಗಾಬರಿಯಾಗಿದ್ದೇ ಆ ನೋವಿಲ್ಲದ್ದಕ್ಕೆ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಪಾದದ ನರಗಳು ಸೋಲುತ್ತವೆ. ಚುಚ್ಚಿದ್ದು ಗೊತ್ತಾಗುವುದಿಲ್ಲ, ಗಾಯ ಬೇಗ ಮಾಗುವುದೂ ಇಲ್ಲ. ಬೆರಳು ಕಳೆದುಕೊಳ್ಳುವವರ ಕಥೆ ಶುರುವಾಗುವುದು ಹೆಚ್ಚಾಗಿ ಹೀಗೇ.

ಅಮ್ಮನಿಗೆ ಡಾಕ್ಟರು ಇರಲಿಲ್ಲ ಅಂತಲ್ಲ. ಒಂದು ವರ್ಷದಿಂದ ಆನ್‌ಲೈನ್‌ನಲ್ಲಿ ಒಬ್ಬರು ನೋಡುತ್ತಿದ್ದರು. ಒಳ್ಳೆಯವರು, ತಾಳ್ಮೆ ಜಾಸ್ತಿ. "ಸಕ್ಕರೆ ಬಿಟ್ಟಿದ್ದೀನಿ ಡಾಕ್ಟ್ರೇ, ಬರೀ ಬೆಲ್ಲದ ಕಾಫಿ" ಅಂದಾಗ, ಬೆಲ್ಲವೂ ಸಕ್ಕರೆಯ ಹಾಗೇ ಏರಿಸುತ್ತೆ ಅಮ್ಮ ಅಂತ ಬಿಡಿಸಿ ಹೇಳಿದವರು ಅವರೇ. ಅಕ್ಕಿ ರೊಟ್ಟಿ, ಕಡಂಬುಟ್ಟು ಎಷ್ಟು ಅಂತ ಲೆಕ್ಕ ಕೇಳುತ್ತಿದ್ದರು. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 9ರಿಂದ 7.4ಕ್ಕೆ ಇಳಿಯಿತು. ಜೋರು ಮಳೆಯಲ್ಲಿ ಮಡಿಕೇರಿಗೆ ಬಸ್ ಹತ್ತುವ ಕಷ್ಟವೂ ತಪ್ಪಿತು. ಇದನ್ನು ಸಣ್ಣದು ಅನ್ನಲಾರೆ.

ಆದರೆ ಆ ವರ್ಷವಿಡೀ ಅವಳ ಪಾದವನ್ನು ಯಾರೂ ಮುಟ್ಟಿ ನೋಡಲಿಲ್ಲ. ಕಣ್ಣಿಗೆ ಹನಿ ಹಾಕಿ ಒಳಗಿನ ಪರದೆ ನೋಡಲಿಲ್ಲ. ಫೋನಿನಲ್ಲಿ ಮುಖ ಕಾಣುತ್ತದೆ, ಅಂಗಾಲಿನ ಸ್ಪರ್ಶ ಹೋಗಿದ್ದು ಹೇಗೆ ಕಾಣಬೇಕು? ಡಾಕ್ಟರದು ತಪ್ಪಲ್ಲ. ಇಲ್ಲಿ ಬೇಕಿರುವುದು ಇನ್ನೊಂದು ಜೊತೆ ಕೈ.

ಆ ದಾರಿ ನಮ್ಮಲ್ಲೇ ಇದೆ. ಕೇಂದ್ರ ಸರ್ಕಾರದ ಇ-ಸಂಜೀವನಿಯಲ್ಲಿ ಮನೆಯಿಂದಲೇ ಡಾಕ್ಟರ ಜೊತೆ ಮಾತಾಡಬಹುದು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಸಿಬ್ಬಂದಿ ಪಕ್ಕದಲ್ಲಿ ಕೂತು ದೂರದ ಡಾಕ್ಟರಿಗೆ ತೋರಿಸುವ ವ್ಯವಸ್ಥೆಯೂ ಇದೆ, ಎರಡೂ ಉಚಿತ. ನನ್ನ ಮಟ್ಟಿಗೆ ಸಕ್ಕರೆ ಕಾಯಿಲೆಗೆ ಎರಡನೆಯದೇ ಸರಿ. ಕೊಡಗಿನ ಪ್ರತಿ ಕೇಂದ್ರದಲ್ಲೂ ಆ ನೈಲಾನ್ ಎಳೆ ಇರಲಿ, ವರ್ಷಕ್ಕೊಮ್ಮೆ ಫೋನ್ ಮಾಡಿ 'ಬನ್ನಿ ಅಮ್ಮ' ಅಂತ ಕರೆಯುವವರಿರಲಿ. ಇಂಗ್ಲೆಂಡಿನಿಂದ ತರಬೇಕಾದ್ದು ಆ ಕರೆ ಒಂದೇ.

ಅಮ್ಮನ ಗಾಯ ಮಾಗಲು ಒಂದೂವರೆ ತಿಂಗಳು ಬೇಕಾಯಿತು. ಈಗ ಚಪ್ಪಲಿ ಇಲ್ಲದೆ ತೋಟಕ್ಕೆ ಇಳಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ ತಂಗಿ ಟಾರ್ಚ್ ಹಿಡಿದು ಎರಡೂ ಅಂಗಾಲು ನೋಡುತ್ತಾಳೆ, ಬೆರಳ ಸಂದಿಯನ್ನೂ ಬಿಡದೆ.